ಕರಿಗುಡ್ಡದ ಊಳುಮಾಪಕ

ಕರಿಗುಡ್ಡದ ನೆತ್ತಿಯ ಮೇಲಿನ ಊಳುಮಾಪಕ ಸಂಜೆ ಆರೂವರೆಗೆ ಮತ್ತೆ ಕೆಂಪು ದೀಪ ಹೊತ್ತಿಸಿತು. ಒಂದೇ ವಾರದಲ್ಲಿ ಇದು ಐದನೆಯ ಸಲ.

ಊಳುಮಾಪಕವೆಂದರೆ ಆಳೆತ್ತರದ ಒಂದು ಕಂಬ. ಅದಕ್ಕೆ ಕೇಳುವುದೊಂದೇ ಕೆಲಸ. ರೇಬೀಸ್ ವೈರಾಣು ಮಿದುಳು ಸೇರಿದ ನರಿಯ ಗಂಟಲಿನ ಸ್ನಾಯುಗಳು ಸೋಲತೊಡಗುತ್ತವೆ. ಊಳಿಡುವ ದನಿ ಒಡೆಯುತ್ತದೆ. ನಮ್ಮ ಕಿವಿಗೆ ತಿಳಿಯದ ಆ ಒಡಕನ್ನು ಕಂಬ ಗುರುತಿಸುತ್ತದೆ. ಕಾಡಿನ ರೋಗ ಕುರಿ ಕಾಯುವ ನಾಯಿಗೆ, ನಾಯಿಯಿಂದ ಮನುಷ್ಯರಿಗೆ ದಾಟುವ ಮೊದಲೇ ಸುದ್ದಿ ಸಿಗುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಹಾಗಾಗಿ ಕಂಬದ ನಿಯಮ ಕಠಿಣವಾಗಿತ್ತು: ಏಳು ಸಂಜೆ ಕೆಂಪು ಹೊತ್ತಿದರೆ, ಇಲ್ಲವೇ ಒಂದೇ ನರಿಗಾದರೂ ರೋಗ ಖಚಿತವಾದರೆ, ಗುಡ್ಡ ನಲವತ್ತು ದಿನ ಬಂದ್. ಆ ದಿನಗಳಲ್ಲಿ ನರಿಗಳಿಗೆ ಲಸಿಕೆಯ ಉಂಡೆಗಳನ್ನು ಇಡುತ್ತಾರೆ.

ಕಂಬವನ್ನು ರೂಪಿಸಿದ ವಿಜ್ಞಾನಿ ವಾರಿಜಾ ಎರಡು ದಿನದಿಂದ ಗುಡ್ಡದಲ್ಲೇ ಇದ್ದಳು. ಡ್ರೋನ್ ಹಾರಿಸಿ ಹದಿನಾಲ್ಕು ನರಿಗಳನ್ನು ಕಂಡಿದ್ದಳು. ಹದಿನಾಲ್ಕೂ ಚೆನ್ನಾಗಿಯೇ ಓಡಾಡುತ್ತಿದ್ದವು.

ಆ ವಾರವಷ್ಟೇ ಗುಡ್ಡಕ್ಕೆ ಬಂದು ಕುರಿ ಬಿಟ್ಟವರು ಯಮನೂರಪ್ಪ ಮತ್ತು ಅವನ ಹೆಂಡತಿ ನೀಲವ್ವ. ಅವರ ಹಿಂಡಿನಲ್ಲಿ ಆಗತಾನೆ ಹುಟ್ಟಿದ ಅರವತ್ತು ಮರಿಗಳಿದ್ದವು. ಬೇರೆ ಹುಲ್ಲಿಗೆ ಮೂರು ದಿನದ ನಡಿಗೆ.

"ನಿಮ್ಮ ಕಂಬಕ್ಕ ಕೇಳಿದ ನರಿ ನಮಗ್ಯಾಕ ಕಾಣವಲ್ದು, ಅಕ್ಕಾರ?" ಎಂದಳು ನೀಲವ್ವ. "ಬ್ಯಾ ಅನ್ನಾಕ ಬರದ ಮರಿ ಹೊತ್ಕೊಂಡು ನಾ ಎಲ್ಲಿಗೆ ಹೋಗ್ಲಿ? ಅರ್ಧ ದಾರ್‍ಯಾಗ ಸಾಯ್ತಾವ."

"ಕಾಣೋ ಹೊತ್ತಿಗೆ ಅದು ಯಾರನ್ನಾದ್ರೂ ಕಚ್ಚಿರತ್ತೆ, ನೀಲವ್ವ," ಎಂದಳು ವಾರಿಜಾ. ಆದರೆ ಮರಿಗಳ ಕಡೆ ನೋಡಲು ಅವಳಿಗೂ ಆಗಲಿಲ್ಲ.

ಮರುದಿನ ಸಂಜೆ ಅವಳು ಅವರ ಜೊತೆಯಲ್ಲೇ ಕುಳಿತಳು. ರಾತ್ರಿಗೆ ಮರಿಗಳ ಸುತ್ತ ಬಲೆ ಕಟ್ಟುವ ಮೊದಲು ಯಮನೂರಪ್ಪ ಬಂಡೆ ಹತ್ತಿ, ಬಾಯಿಗೆ ಎರಡೂ ಕೈ ಹಿಡಿದು, ನರಿಯಂತೆ ಉದ್ದಕ್ಕೆ ಊಳಿಟ್ಟ. ಕಂಬ ಕೆಂಪಾಯಿತು. ಇನ್ನೊಮ್ಮೆ ಕೂಗಲು ವಾರಿಜಾ ಕೇಳಿಕೊಂಡಳು. ಮತ್ತೆ ಕೆಂಪು.

ಇದು ಅಪ್ಪ ಕಲಿಸಿದ ಕಸುಬು ಎಂದು ಅವನು ವಿವರಿಸಿದ. ಕೂಗಿದಾಗ ನರಿಗಳು ಯಾವ ಕಡೆಯಿಂದ ಮಾರುತ್ತರ ಕೊಡುತ್ತವೆಯೋ ಆ ಕಡೆ ಮರಿ ಕಟ್ಟುವುದಿಲ್ಲ. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

"ಈಗೀಗ ಅವು ನನಗ ಓ ಅನ್ನವಲ್ಲವು."

"ಹೆಂಗ ಅಂದಾವು?" ನೀಲವ್ವ ಬಲೆಯ ಗೂಟ ಬಡಿಯುತ್ತ ಅಂದಳು. "ನಿನ್ನ ಮಾತು ನನಗ ತಿಳಿಯಂಗಿಲ್ಲ. ಗಂಟಲ ಹರಕ ಹಲಗಿ ಆಗೇತಿ."

ವಾರಿಜಾ ನಗಲಿಲ್ಲ. "ಎಷ್ಟು ದಿನದಿಂದ?"

"ನಾಕ ತಿಂಗಳಾತು. ಬೀಡಿದ್ದು ಬಿಡ್ರಿ."

ಬೆಳಿಗ್ಗೆ ಅವಳೇ ಅವನನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದಳು. ಧ್ವನಿತಂತುವಿನ ಮೇಲೆ ಸಾಸಿವೆಯಷ್ಟು ಗಂಟು. ಕ್ಯಾನ್ಸರೇ, ಆದರೆ ಈಗಷ್ಟೇ ಶುರುವಾದದ್ದು. ಯಾರೂ ಇಷ್ಟು ಬೇಗ ಬರುವುದಿಲ್ಲ ಎಂದರು ವೈದ್ಯರು. ಯಾರು ಪತ್ತೆ ಹಚ್ಚಿದ್ದೆಂದು ಕೇಳಿದಾಗ, ನರಿ ಯಂತ್ರ ಎನ್ನಲು ವಾರಿಜಾಳಿಗೆ ಸ್ವಲ್ಪ ಸಂಕೋಚವಾಯಿತು. ಗಂಟು ತೆಗೆದರು. ಕಂಬ ಕೆಂಪಾಗುವುದು ನಿಂತಿತು. ಗುಡ್ಡ ತೆರೆದೇ ಇತ್ತು.

ಮೂರು ತಿಂಗಳು ಯಮನೂರಪ್ಪ ಕೂಗುವಂತಿರಲಿಲ್ಲ. ನೀಲವ್ವ ಬಂಡೆ ಹತ್ತಿದಳು. ಅವಳ ತುಂಬು ದನಿಗೆ ನರಿಗಳು ನಾಲ್ಕೂ ಕಡೆಯಿಂದ ಓಗೊಟ್ಟವು. ಸುದ್ದಿ ಹರಡಿ ಸುತ್ತಲಿನ ಕುರಿಗಾರರೂ ತಮ್ಮ ಗಂಟಲು ತೋರಿಸಲು ಬಂದು ಕಂಬದ ಮುಂದೆ ಊಳಿಡತೊಡಗಿದರು. ಕೂಗುವವರು ಹೆಚ್ಚಿದಷ್ಟೂ ಉತ್ತರ ಹೆಚ್ಚಿತು. ಮೊದಲು ಮೌನವಾಗಿರುತ್ತಿದ್ದ ನರಿಗಳ ದನಿಯೂ ಕಂಬಕ್ಕೆ ಸಿಕ್ಕಿತು.

ಎರಡನೆಯ ತಿಂಗಳಲ್ಲಿ ಆ ಉತ್ತರಗಳಲ್ಲಿ ಒಂದು ಒಡೆದಿತ್ತು. ವಾರಿಜಾಳ ತಂಡ ಹಳ್ಳದ ದಂಡೆಯಲ್ಲಿ ತೂರಾಡುತ್ತಿದ್ದ ನರಿಯನ್ನು ಹಿಡಿಯಿತು. ರೇಬೀಸ್ ಖಚಿತವಾಯಿತು. ಅದು ಇನ್ನೂ ಯಾರ ನಾಯಿಯ ಹತ್ತಿರಕ್ಕೂ ಬಂದಿರಲಿಲ್ಲ.

'ಪ್ರವೇಶವಿಲ್ಲ' ಎಂಬ ಫಲಕ ಹಿಡಿದು, ನೀಲವ್ವನಿಗೆ ಏನೆಂದು ಹೇಳುವುದೋ ಎಂದುಕೊಳ್ಳುತ್ತ ವಾರಿಜಾ ಗುಡ್ಡದ ಬುಡಕ್ಕೆ ಬಂದಳು. ಮೇಲೆ ಒಂದು ಕುರಿಯೂ ಇರಲಿಲ್ಲ. ದಾರಿಗೆ ಅಡ್ಡಲಾಗಿ ಜಾಲಿಮುಳ್ಳು ಒಟ್ಟಿ, ನೀಲವ್ವ ಬೇರೆ ಹಿಂಡಿನವರನ್ನು ಹಿಂದಕ್ಕೆ ಕಳಿಸುತ್ತಿದ್ದಳು. ಮರಿಗಳು ಈಗ ಗಟ್ಟಿಯಾಗಿ ಅವಳ ಸುತ್ತ ಜಿಗಿಯುತ್ತಿದ್ದವು.

"ನಲವತ್ತು ದಿನ ಅಲ್ಲೇನ್ರಿ ಅಕ್ಕಾರ? ನಾ ಎಲ್ಲಾರಿಗೂ ಐವತ್ತು ಅಂತ ಹೇಳೇನಿ."