ಅನ್ನ ಬರುವವರೆಗೆ

ಜಪಾನಿ ಹೋಟೆಲಿನ ಬಡಿಸುವಾಕೆ ತಟ್ಟೆ ಎತ್ತಲು ಬಂದಾಗ ಆಕರ್ಷ್ ಮತ್ತೆ ನಗುತ್ತ ಕೈ ಅಡ್ಡ ಹಿಡಿದ. ಗಾರ್ಗಿ ಚಾಪ್‌ಸ್ಟಿಕ್ ಕೆಳಗಿಟ್ಟಳು.

ಮಿಸೋ ಎಂಬ ಸೋಯಾ ಗೊಜ್ಜು ಹಚ್ಚಿ ಸುಟ್ಟ ಬದನೆ ಅರ್ಧ, ಬೆಂದ ಮೂಲಂಗಿಯ ಬಿಲ್ಲೆ, ಎಳ್ಳಿನ ತೋಫು ಒಂದು ಚೂರು. ಎಲ್ಲವೂ ಅವನ ಮುಂದೆ ತಣ್ಣಗೆ ಸಾಲಾಗಿ ಕುಳಿತಿದ್ದವು.

"ಏನ್ ಮಾಡ್ಲಿಕತ್ತೀ ನೀ?"

"ಅನ್ನ ಬರ್ಲಿ ಅಂತ ಕಾಯ್ತಿದೀನಿ. ಎಲ್ಲಾ ಈಗ್ಲೇ ತಿಂದ್ಬಿಟ್ರೆ ಆಮೇಲೆ ಅನ್ನಕ್ಕೆ ಏನು ನೆಂಚ್ಕೊಳ್ಳೋದು?"

"ಇದು ಮೈಸೂರಿನ ಮದವಿ ಊಟ ಅಲ್ಲೋ ಪುಣ್ಯಾತ್ಮ! ಇಲ್ಲಿ ಅನ್ನ ಕಡೀಕ ಬರ್ತದ. ನೀ ಇದನ್ನ ಮುಗಸೂತನಕ ಅವರು ಮುಂದಿಂದು ತರೂದಿಲ್ಲ."

"ಅವರು ತರೋವರೆಗೆ ನಾನು ಮುಗಿಸಲ್ಲ." ಅವನ ಕಣ್ಣು ಮಿನುಗಿತು. "ಇದಕ್ಕೆ ನಮ್ಮ ಸಾಫ್ಟ್‌ವೇರಲ್ಲಿ ಡೆಡ್‌ಲಾಕ್ ಅಂತೀವಿ."

ಅವನ ಹಣೆಗೆ ಬಿದ್ದ ಕೂದಲನ್ನು ಸರಿಸಬೇಕೋ, ಹಿಡಿದು ಜಗ್ಗಬೇಕೋ, ಅವಳಿಗೆ ತಿಳಿಯಲಿಲ್ಲ.

ದೇಶದ ಆಚೆ ತುದಿಯಲ್ಲಿ ಕೆಲಸ ಕೊಟ್ಟಿದ್ದ ಸ್ಯಾನ್ ಡಿಯೇಗೋದ ಕಂಪನಿಗೆ ಸೋಮವಾರ ಅವಳು ಉತ್ತರ ಕೊಡಬೇಕಿತ್ತು. ಕೆಲಸ ಅವಳ ಸಂಶೋಧನೆಗೆ ಹೇಳಿ ಮಾಡಿಸಿದಂತಿತ್ತು. ಈಗಿರುವ ಮಾನ್ಮತ್ ಜಂಕ್ಷನ್ನಿನ ಲ್ಯಾಬು ಬಿಡಲು ಅವಳಿಗೆ ಇದ್ದ ಅಡ್ಡಿ ಒಂದೇ, ಎದುರಿಗೆ ಕುಳಿತ ಇವನು. "ಮಾತಾಡೋದಿದೆ, ಊಟಕ್ಕೆ ಬಾ" ಎಂದು ಕರೆದವನೂ ಇವನೇ. ಮೆಟುಚೆನ್ನಿನಿಂದ ಮ್ಯಾನ್‌ಹ್ಯಾಟನ್‌ವರೆಗೆ ರೈಲಿನಲ್ಲಿ ಸ್ನೋ ಬಗ್ಗೆ ಮಾತಾಡಿದ. ಸೂಪಿನ ಬಟ್ಟಲಿಗೆ ಮುಚ್ಚಳ ಏಕೆ ಕಚ್ಚಿಕೊಂಡಿದೆ ಎಂದು ಆವಿಯ ಒತ್ತಡ ವಿವರಿಸಿದ. ಮುಖ್ಯವಾದದ್ದು ಮಾತ್ರ ಬಾಯಿಗೆ ಬರಲಿಲ್ಲ.

"ಆಕರ್ಷ್, ನಾ ಹೋಗ್ಲೋ ಬ್ಯಾಡೋ?"

"ಅದು... ಊಟ ಮುಗೀಲಿ."

"ಊಟ ಎಲ್ಲಿ ಮುಗೀತದ? ಎಲ್ಲಾ ಕಡೀಕಂತ ತಗದಿಡ್ತೀ. ಬದನೀಕಾಯಿ ಕಾಯ್ತದ, ನಾ ಕಾಯೂದಿಲ್ಲ." ಅವಳು ಕೋಟು ಎಳೆದುಕೊಂಡಳು.

ಅವನು ಗಾಬರಿಯಿಂದ ಕೋಟಿನ ತೋಳು ಹಿಡಿದುಕೊಂಡ. ಕಿವಿ ಕೆಂಪಾಗಿತ್ತು.

"ಹೋಗು. ಅಂದ್ರೆ, ಸ್ಯಾನ್ ಡಿಯೇಗೋಗೆ. ಈಗಲ್ಲ! ಅಂಥಾ ಕೆಲಸ ನನಗೋಸ್ಕರ ಬಿಡಬೇಡ. ನಾನೂ ಬರ್ತೀನಿ. ಅಲ್ಲೊಂದು ಟೀಮ್ ಜೊತೆ ಮಾತಾಡಿದೀನಿ, ವೀಸಾ ಟ್ರಾನ್ಸ್‌ಫರ್‌ಗೆ ಲಾಯರ್‌ನೂ ಕೇಳಿದೀನಿ. ಸ್ವಲ್ಪ ತಡ ಆಗುತ್ತೆ, ಅಷ್ಟೇ." ಉಸಿರು ತೆಗೆದುಕೊಂಡ. "ನನ್ನ ಮದುವೆ ಆಗ್ತೀಯಾ, ಗಾರ್ಗಿ?"

ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವಳಿಗೆ ನಗು ಬಂತು, ಕಣ್ಣೂ ತುಂಬಿತು, ಸಿಟ್ಟು ಮಾತ್ರ ಇಳಿಯಲಿಲ್ಲ.

"ಇದನ್ನ ಯಾವಾಗ ಹೇಳಾಂವ ಇದ್ದಿ?"

"ಸ್ವೀಟ್ ಬಂದ್ಮೇಲೆ."

ಗಾರ್ಗಿ ಕೋಟನ್ನು ಕುರ್ಚಿಗೆ ಹಾಕಿದಳು. ಮೇಜಿನ ಕೆಳಗೆ ಅವನ ಎಡಗೈ ಹುಡುಕಿ, ಬೆರಳಿಗೆ ಬೆರಳು ಹೆಣೆದಳು. ಮುಖವನ್ನು ಮಾತ್ರ ಗಂಟಿಕ್ಕಿಕೊಂಡೇ ಇಟ್ಟಳು.

"ಹಂಗಾರ ನನ್ನ ಉತ್ತರಾನೂ ಸ್ವೀಟ್ ಬಂದ್ ಮ್ಯಾಲೇನ."

ಆಕರ್ಷ್ ಅವಳನ್ನೊಮ್ಮೆ ನೋಡಿದ, ತನ್ನ ಮುಂದಿನ ಸಾಲನ್ನೊಮ್ಮೆ ನೋಡಿದ. ಆಮೇಲೆ ಬದನೆ, ಮೂಲಂಗಿ, ತೋಫು ಮೂರನ್ನೂ ಒಂದರ ಹಿಂದೆ ಒಂದು ಬಾಯಿಗೆ ತುರುಕಿಕೊಂಡು, ಉಬ್ಬಿದ ಕೆನ್ನೆಯಲ್ಲೇ ಬಡಿಸುವಾಕೆಗೆ ಕೈ ಎತ್ತಿದ.