ಬಾಣದ ಗುರುತಿಲ್ಲದ ಆಟ

ಹೊನ್ನವಳ್ಳಿ ಬಸ್ಸು ತಿಪಟೂರು ಬಿಟ್ಟು ಹತ್ತು ನಿಮಿಷವಾಗಿತ್ತು. ಹಿಂದಿನ ಸೀಟಿನಿಂದ ವರ್ಷಿಣಿಯ ದನಿ ಕೇಳಿಸಿತು. ವರ್ಷಿಣಿ ಮಾತ್ರ ಮುಂದಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು.

“ಹೆದರಬೇಡಿ. ಹೊಳೆಯುತ್ತಿರುವ ಎಲೆಯನ್ನು ಮುಟ್ಟಿ. ಹಾಂ, ಹಾಗೇ. ಎಷ್ಟು ಚೆನ್ನಾಗಿ ಆಡಿದಿರಿ!”

ತಿರುಗಿ ನೋಡಿದಳು. ಕಾಲೇಜು ಹುಡುಗಿಯೊಬ್ಬಳು ಫೋನಿನಲ್ಲಿ ಇಸ್ಪೀಟಿನಂಥ ಆಟವೊಂದನ್ನು ಈಗಷ್ಟೇ ಹಾಕಿಕೊಂಡು ಕಲಿಯುತ್ತಿದ್ದಳು. ಪರದೆಯೆಲ್ಲ ಮಬ್ಬು. ಒಂದೇ ಒಂದು ಎಲೆ ಬೆಳಗುತ್ತಿತ್ತು, ಅದರ ತಲೆಯ ಮೇಲೆ ಬಾಣದ ಗುರುತು ಕುಣಿಯುತ್ತಿತ್ತು. ಪರದೆಯಲ್ಲಿ ಎದುರಾಳಿಯಾಗಿ ಕೂತಿದ್ದ ಬಿಳಿ ಮೀಸೆಯ ತೋಟದಜ್ಜ ಭಾರೀ ಯೋಚನೆ ಮಾಡಿದವನಂತೆ ಗದ್ದ ಕೆರೆದುಕೊಂಡು ತಪ್ಪು ಎಲೆಯನ್ನೇ ಹಾಕಿದ. ಮೂರನೆಯ ಸರದಿಗೆ ಮಳೆ ಎಲೆ ಬರುತ್ತದೆ ಎಂದು ವರ್ಷಿಣಿಗೆ ಗೊತ್ತಿತ್ತು. ಬಂತು. ಯಾರು ಆಡಿದರೂ ಬರುತ್ತದೆ. ಹೊಸಬರಿಗೆಂದು ಕಟ್ಟನ್ನು ಮೊದಲೇ ಜೋಡಿಸಿಟ್ಟಿರುತ್ತಾರೆ.

“ನೀವೇ ಗೆದ್ದಿರಿ!” ಎಂದಳು ಫೋನಿನೊಳಗಿನ ವರ್ಷಿಣಿ. ಎಳನೀರಿನಂಥ ದನಿ.

“ಸೌಂಡು ಜಾಸ್ತಿ ಆಯ್ತಾ ಅಕ್ಕ?” ಹುಡುಗಿ ಕೇಳಿದಳು.

ವರ್ಷಿಣಿ ಇಲ್ಲವೆಂದು ತಲೆಯಾಡಿಸಿದಳು. ಮಾತಾಡಿದ್ದರೆ ಹುಡುಗಿ ಬೆಚ್ಚುತ್ತಿದ್ದಳು.

ಐದು ತಿಂಗಳ ಹಿಂದೆ ಕುತ್ತಿಗೆಯಲ್ಲಿದ್ದ ಥೈರಾಯ್ಡ್ ಗಡ್ಡೆಯನ್ನು ತೆಗೆದಿದ್ದರು. ಗಡ್ಡೆ ದನಿಯ ನರವನ್ನು ತಬ್ಬಿಕೊಂಡಿತ್ತಂತೆ. ಎಚ್ಚರವಾದಾಗ ಜೀವ ಇತ್ತು, ದನಿ ಇರಲಿಲ್ಲ. ಆಮೇಲೆ ಬಂದದ್ದು ಬೇರೆಯೇ ದನಿ: ಒರಟು, ಅರ್ಧ ಗಾಳಿ, ವಾಕ್ಯದ ನಡುವೆ ಮುರಿಯುವಂಥದ್ದು. ಕಿಬ್ಬನಹಳ್ಳಿಯ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಪಾಠ ಹೇಳುತ್ತಿದ್ದವಳನ್ನು ಲೈಬ್ರರಿಯ ಬೀರುವಿನ ಮುಂದೆ ಕೂರಿಸಿದರು. ಮನೆಯಲ್ಲಿ ಅವಳ ಫೋನು ಅಣ್ಣ ದಯಾನಂದ್ ಎತ್ತುತ್ತಿದ್ದ. ಹೋದ ತಿಂಗಳು ಹೆಣ್ಣು ನೋಡಲು ಬಂದವರು ಅವಳ ಒಂದೇ ಒಂದು ಮಾತು ಕೇಳಿ ಹುಬ್ಬೇರಿಸಿದಾಗ, “ಸ್ವಲ್ಪ ನೆಗಡಿ ಕಣ್ರೀ” ಎಂದವನೂ ಅವನೇ.

ಹೋದ ವರ್ಷ ಅವಳ ದನಿ ಹಾಕಿ ಆ ಆಟ ಮಾಡಿದ ಹೊನ್ನವಳ್ಳಿಯ ಭುವನ್ ಎರಡು ದಿನದ ಹಿಂದೆ ಮೆಸೇಜು ಕಳಿಸಿದ್ದ. ‘ಟ್ಯುಟೋರಿಯಲ್‌ಗೆ ಒಂದು ಹೊಸ ಪಾಠ ಸೇರಿಸಬೇಕು. ಆರು ಸಾಲು. ನೀವೇ ಓದಬೇಕು.’

ಆಗುವುದಿಲ್ಲ ಎಂದು ಹೇಳುವುದಕ್ಕೇ ಅವಳು ಹೊರಟಿದ್ದಳು. ಫೋನಿನಲ್ಲಾದರೆ ಅದನ್ನೂ ಅಣ್ಣನೇ ಹೇಳಿಬಿಡುತ್ತಿದ್ದ. ಇದೊಂದನ್ನಾದರೂ ತಾನೇ ಹೇಳಬೇಕು ಅನ್ನಿಸಿತ್ತು.

ಅವಳು ಮನೆ ತಲುಪಿದಾಗ ಭುವನ್ ತಾಯಿ ಶಾಂತಕುಮಾರಿ ಅಂಗಳದಲ್ಲಿ ತೆಂಗಿನಕಾಯಿಯ ಗುಡ್ಡೆಯ ಪಕ್ಕ ಕೂತಿದ್ದರು. ಒಂದೊಂದನ್ನೇ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಂದನ್ನು ಈ ಕಡೆ, ಒಂದನ್ನು ಆ ಕಡೆ ಇಡುತ್ತಿದ್ದರು.

“ಚೆನ್ನಾಗಿದೀರಾ ಆಂಟಿ?” ವರ್ಷಿಣಿ ಮೆಲ್ಲಗೆ ಅಂದಳು.

“ಆಂಟಿಯಂತೆ ಆಂಟಿ! ನಾನೇನು ಸೀರಿಯಲ್‌ನಾಗೆ ಬತ್ತೀನೇನವ್ವ?” ದನಿಯ ಬಗ್ಗೆ ಅವರು ಏನೂ ಕೇಳಲಿಲ್ಲ. ಕೈಯಲ್ಲಿದ್ದ ಕಾಯನ್ನು ಅವಳ ಕಿವಿಗೆ ಹಿಡಿದು ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಲೊಟಲೊಟ ಎಂದಿತು. “ಹೋದ್ ವರ್ಷ ನೀನು ಓದಕ್ಕೆ ಬಂದಿದ್ಯಲ್ಲ, ಆಗ ಅಟ್ಟಕ್ಕೆ ಹಾಕಿದ್ ಕಾಯಿ ಇವು. ಹಸೀದ್ರಾಗೆ ನೀರು ಕುಲುಕ್ತದೆ, ಅದು ಕೇಳಕ್ಕೆ ಚೆಂದ. ಆದ್ರೆ ನಾವು ವರ್ಷಗಟ್ಲೆ ಕಾಯದು ಈ ಸದ್ದಿಗೆ ಕಣವ್ವ. ಹೋಗು, ಅವ್ನು ಮ್ಯಾಲವ್ನೆ. ಕಾಫಿ ಆದ್ಮ್ಯಾಲೆ ಕೂಗ್ತೀನಿ.”

ಹಿಂದಿನ ಸಲವೂ ರೆಕಾರ್ಡು ಮಾಡಿದ್ದು ಅಟ್ಟದಲ್ಲೇ. ಸುತ್ತ ಸಿಪ್ಪೆಸಮೇತ ಕಾಯಿ ಪೇರಿಸಿದರೆ ದನಿ ಗೋಡೆಗೆ ಬಡಿದು ವಾಪಸು ಬರುವುದಿಲ್ಲ. ಅದು ಭುವನ್ ಕಂಡುಕೊಂಡ ಉಪಾಯ. ಅರ್ಧ ಕಾಯಿ ಕೆಳಗಿಳಿದಿದ್ದರೂ ಒಂದು ಮೂಲೆಯಲ್ಲಿ ಆಳೆತ್ತರದ ಗುಡ್ಡೆ ಉಳಿದಿತ್ತು. ಅದರ ಮುಂದೆ ಅವನು ಚಾಪೆ ಹಾಸಿ, ಮೈಕು ನಿಲ್ಲಿಸಿ, ಸ್ಟೀಲ್ ಲೋಟದಲ್ಲಿ ಬಿಸಿನೀರು ಇಟ್ಟು ಕಾಯುತ್ತಿದ್ದ. ಅವಳನ್ನು ಕಂಡು ಎದ್ದವನ ತಲೆ ಜಂತೆಗೆ ಬಡಿಯಿತು.

“ನಿಮ್ಮದೇ ಮನೆ ಅಟ್ಟ. ಇನ್ನೂ ಅಂದಾಜಿಲ್ವಾ?” ಎಂದಳು.

“ನೀವು ಬಂದಾಗ ಮಾತ್ರ ಹಿಂಗೆ” ಎಂದು ತಲೆ ಉಜ್ಜಿಕೊಂಡ. ಆಮೇಲೆ, ಹೇಳಬಾರದ್ದನ್ನು ಹೇಳಿದವನಂತೆ, ವಯರು ಸರಿಮಾಡುವ ನೆಪದಲ್ಲಿ ಬಗ್ಗಿದ. ಬಗ್ಗಿದರೂ ಕಣ್ಣು ಒಮ್ಮೆ ಮೇಲಕ್ಕೆ ಬಂತು, ಅವಳ ಕುತ್ತಿಗೆಯ ಗಾಯದ ಗೆರೆಯ ಮೇಲೆ ಒಂದು ಚಣ ನಿಂತಿತು, ಇಳಿಯಿತು. ವರ್ಷಿಣಿ ಸೆರಗಿನಿಂದ ಗೆರೆ ಮುಚ್ಚಿಕೊಳ್ಳಲು ಹೋಗಿ, ಹಾಗೇ ಬಿಟ್ಟಳು.

ಅವನು ತೊಂದರೆಯನ್ನು ವಿವರಿಸಿದ. ಆಟ ಸುಲಭ. ಒಬ್ಬೊಬ್ಬರಿಗೂ ಒಂದು ಸಸಿ. ಮಳೆ ಎಲೆ, ಬೇರು ಎಲೆ ಹಾಕಿದರೆ ಮರ ಬೆಳೆಯುತ್ತದೆ. ಎದುರಾಳಿ ನುಸಿ ಎಲೆ ಹಾಕಿದರೆ ಕಾಯಿ ಉದುರುತ್ತವೆ. ಮೊದಲು ಹತ್ತು ಕಾಯಿ ಮಾಡಿದವರು ಗೆದ್ದಂತೆ. ಕಲಿಯುವ ಪಾಠವನ್ನು ಹತ್ತರಲ್ಲಿ ಒಂಬತ್ತು ಜನ ಮುಗಿಸುತ್ತಾರೆ. ಆಮೇಲೆ ನಿಜವಾದ ಮೊದಲ ಆಟ ಸೋಲುತ್ತಾರೆ, ಮತ್ತೆ ತೆರೆಯುವುದೇ ಇಲ್ಲ.

“ನಾನೇ ಮಾಡಿದ ತಪ್ಪು. ಪಾಠದಲ್ಲಿ ಅಜ್ಜ ಬೇಕಂತ ಸೋಲ್ತಾನೆ. ಸೋಲೋದು ಹೆಂಗೆ ಅಂತ ನಾವು ಹೇಳ್ಕೊಡ್ಲೇ ಇಲ್ಲ. ಅದಕ್ಕೆ ಇನ್ನೊಂದು ಪಾಠ.”

“ಬೇರೆಯವರ ಕೈಲಿ ಓದಿಸಿ. ಇಲ್ಲಾ, ಈಗ ಕಂಪ್ಯೂಟರ್ರೇ ಹಳೇ ದನಿ ಮಾಡ್ಕೊಡ್ತದಂತಲ್ಲ. ನನ್ನ ಹಳೇ ದನಿ ನಿಮ್ಮತ್ರ ಐತಲ್ಲ.”

“ಮಾಡ್ಸಿದ್ದೆ. ಅಳಿಸ್ಬುಟ್ಟೆ.”

“ಯಾಕೆ?”

“ಅದು ‘ಸೋತಿರಿ’ ಅಂತ ಅಂತದೆ. ಆದ್ರೆ ಸೋಲು ಕಂಡವರು ಅಂದಂಗೆ ಅನ್ನಲ್ಲ.”

ಅಂಗಳದಲ್ಲಿ ಕಾಯಿ ಅಲ್ಲಾಡಿಸುವ ಸದ್ದು ಅಟ್ಟಕ್ಕೂ ಕೇಳುತ್ತಿತ್ತು.

“ಅಂದ್ರೆ ನಾನು ಸೋತೋಳು” ಎಂದಳು ವರ್ಷಿಣಿ. “ಅದಕ್ಕೇ ಕರೆಸಿದ್ರಿ.”

“ಅಯ್ಯೋ, ಹಂಗಲ್ಲ...”

“ಹಂಗೇ. ಪರವಾಗಿಲ್ಲ.” ಅವಳು ಎದ್ದಳು. ಏಣಿಯ ಮೇಲಿನ ಮೆಟ್ಟಿಲಿಗೆ ಕಾಲಿಟ್ಟವಳ ಕಣ್ಣಿಗೆ ಗೋಡೆಯ ಗೂಡಿನಲ್ಲಿದ್ದ ಹಳೆಯ ರಟ್ಟಿನ ಎಲೆಗಳ ಕಟ್ಟು ಬಿತ್ತು. ಆಟ ಫೋನಿಗೆ ಬರುವ ಮೊದಲು ಅವನು ಕೈಯಲ್ಲಿ ಬರೆದು ಕತ್ತರಿಸಿದ್ದವು. ರೆಕಾರ್ಡಿನ ನಡುವೆ ದಣಿವಾದಾಗಲೆಲ್ಲ ಇಬ್ಬರೂ ಅವುಗಳಲ್ಲಿ ಆಡಿದ್ದರು.

ಅವಳು ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

“ಹೋದ್ ವರ್ಷ ಎಷ್ಟು ಆಟ ಆಡಿದ್ವಿ?”

“ಹನ್ನೊಂದು.” ಯೋಚಿಸದೆ ಹೇಳಿದ.

“ಎಷ್ಟು ಗೆದ್ದೆ ನಾನು?”

ಅವನು ಮೈಕಿನ ವಯರನ್ನು ಬೆರಳಿಗೆ ಸುತ್ತಿಕೊಂಡ.

“ಹನ್ನೊಂದೂ. ನಂಗೆ ಗೊತ್ತಿರಲಿಲ್ಲ ಅನ್ಕೊಂಡ್ರಾ? ನುಸಿ ಎಲೆ ಬಂದಾಗೆಲ್ಲ ಅದನ್ನ ಕಟ್ಟಿನ ತಳಕ್ಕೆ ತಳ್ತಿದ್ರಿ. ಆಗ ನಗು ಬರ್ತಿತ್ತು.” ಉಸಿರಿಗಾಗಿ ತಡೆದಳು. “ಈಗ ಬರಲ್ಲ ಭುವನ್. ಆಸ್ಪತ್ರೆಯಿಂದ ಬಂದಾಗಿಂದ ಎಲ್ಲಾರೂ ನನ್ನ ಟ್ಯುಟೋರಿಯಲ್‌ನಲ್ಲೇ ಕೂರಿಸಿದಾರೆ. ಮಿಕ್ಕಿದ್ದೆಲ್ಲ ಮಬ್ಬು, ಎಲ್ಲಿ ಬಾಣ ತೋರಿಸ್ತಾರೋ ಅಲ್ಲಿ ಮುಟ್ಟಬೇಕು. ಅಂಗಡಿಲಿ ಅಮ್ಮ ಮಾತಾಡ್ತಾಳೆ. ಹೆಣ್ಣು ನೋಡೋಕೆ ಬಂದವರಿಗೆ ಅಣ್ಣ ನೆಗಡಿ ಅಂತಾನೆ. ನೀವು ಬಿಸಿನೀರು ಇಟ್ಕೊಂಡು ಕೂತಿದೀರಿ.”

ಭುವನ್ ಲೋಟವನ್ನು ನೋಡಿದ. ನಿಧಾನವಾಗಿ ಅದನ್ನು ಪಕ್ಕಕ್ಕೆ ಸರಿಸಿದ.

“ಎಲೆ ಕಲಸಿ” ಎಂದಳು ವರ್ಷಿಣಿ. “ಒಂದು ಆಟ. ಸರಿಯಾಗಿ ಆಡಿದ್ರೆ ಓದ್ತೀನಿ. ಸುಳ್ಳು ಆಡಿದ್ರೆ ಮತ್ತೆ ಈ ಏಣಿ ಹತ್ತಲ್ಲ.”

ಚಾಪೆಯ ಎರಡು ಕೊನೆಗೆ ಇಬ್ಬರೂ ಕೂತರು. ಅವಳ ಮರ ಚೆನ್ನಾಗಿಯೇ ಬೆಳೆಯಿತು. ಆರು ಕಾಯಿ. ಎಂಟು. ಒಂಬತ್ತು. ಅವನದು ಏಳಕ್ಕೆ ನಿಂತಿತ್ತು. ಅವನು ಕಟ್ಟಿನಿಂದ ಒಂದು ಎಲೆ ಎಳೆದ. ಮುಖದಲ್ಲಿ ಏನೂ ತೋರಬಾರದೆಂದು ತುಟಿ ಬಿಗಿಹಿಡಿದ. ಅದರಿಂದಲೇ ಅವಳಿಗೆ ಗೊತ್ತಾಯಿತು. ನುಸಿ.

ಅವನ ಹೆಬ್ಬೆರಳು ಎಲೆಯ ಅಂಚನ್ನು ಸವರುತ್ತಿತ್ತು. ಕಟ್ಟು ಪಕ್ಕದಲ್ಲೇ ಇತ್ತು. ಹಳೆಯ ಅಭ್ಯಾಸದಂತೆ ಕೈ ಅತ್ತ ಸ್ವಲ್ಪ ಸರಿಯಿತು.

ವರ್ಷಿಣಿ ಅವನ ಕೈಯನ್ನು ನೋಡಲಿಲ್ಲ. ಕಣ್ಣನ್ನೇ ನೋಡಿದಳು. ಇಷ್ಟು ಹತ್ತಿರದಿಂದ ಇಷ್ಟು ಹೊತ್ತು ಅವಳು ಅವನನ್ನು ನೋಡಿದ್ದು ಇದೇ ಮೊದಲು. ಅವನ ಎಡ ರೆಪ್ಪೆಯ ಮೇಲೆ ಸಣ್ಣ ಮಚ್ಚೆಯೊಂದಿತ್ತು.

ಅವನು ಎಲೆಯನ್ನು ಅವಳ ಮರದ ಮೇಲೆ ಹಾಕಿದ.

ಐದು ಕಾಯಿ ಉದುರಿದವು. ಮುಂದಿನ ಮೂರು ಸರದಿಯಲ್ಲಿ ಅವನು ಹತ್ತು ಮುಟ್ಟಿದ. ಅವಳು ಸೋತಳು.

ಮೊದಲು ಎದೆಯೊಳಗೆ ಏನೋ ಅಲ್ಲಾಡಿತು, ಆಮೇಲೆ ಅವಳು ನಕ್ಕಳು. ಐದು ತಿಂಗಳಲ್ಲಿ ದನಿ ಬಿಟ್ಟು ನಕ್ಕಿರಲಿಲ್ಲ. ನಗು ಒಡೆದು, ಕೆಮ್ಮಾಗಿ, ಮತ್ತೆ ನಗುವಾಗಿ ಬಂತು. ಅವನು ಬಿಸಿನೀರಿನ ಲೋಟಕ್ಕೆ ಕೈಹಾಕಲಿಲ್ಲ. ಕೈ ಕಟ್ಟಿ ಕೂತು ಕಾದ.

“ಹನ್ನೊಂದು ಆಟ ಯಾಕೆ ಸೋತೆ ಹೇಳ್ಲಾ?” ನಗು ನಿಂತ ಮೇಲೆ ಅವನು ಕೇಳಿದ. “ಗೆದ್ರೆ ನೀವು ಇನ್ನೊಂದ್ಸಲ ಬರಲ್ವೇನೋ ಅಂತ.”

“ಇವತ್ತು?”

“ಇವತ್ತೂ ಅದೇ ಭಯ. ಆದ್ರೂ ಹಾಕ್ದೆ.” ಎಲೆಗಳನ್ನು ಒಟ್ಟು ಮಾಡುತ್ತಾ, ಅವಳತ್ತ ನೋಡದೆ ಮುಂದುವರಿಸಿದ: “ನಿಮ್ಮ ಮೊದಲಿನ ದನಿ ನಂಗೆ ಇಷ್ಟ ಇತ್ತು. ಇಲ್ಲ ಅಂದ್ರೆ ಸುಳ್ಳಾಯ್ತದೆ. ಆದ್ರೆ ಆ ದನಿ ಫೋನಿನಾಗೆ ಐತೆ, ಯಾರು ಬೇಕಾದ್ರೂ ಕೇಳ್ಬೋದು. ನಾನು ಕಾಯ್ತಿದ್ದಿದ್ದು ನಿಮ್ಮನ್ನ. ಅಮ್ಮನ್ನ ನಿಮ್ಮ ಮನೆಗೆ ಕಳಿಸ್ಲಾ? ಒಂದೇ ಷರತ್ತು. ನಿಮ್ಮಣ್ಣ ನೆಗಡಿ ಅಂತ ಹೇಳ್ಬಾರ್ದು.”

ವರ್ಷಿಣಿ ಮೈಕಿನ ಪಕ್ಕದಲ್ಲಿದ್ದ, ಅವನು ಆರು ಸಾಲು ಬರೆದಿಟ್ಟಿದ್ದ ಕಾಗದ ಎತ್ತಿಕೊಂಡಳು.

“ಮೊದ್ಲು ರೆಕಾರ್ಡ್ ಮಾಡಿ.”

ಅವನು ರೆಕಾರ್ಡು ಪೆಟ್ಟಿಗೆಯ ಗುಂಡಿ ಒತ್ತಿದ. ಅವಳು ಕಾಯಿಯ ಗುಡ್ಡೆಗೆ ಬೆನ್ನು ಕೊಟ್ಟಳು. ಒಣಗಿದ ಕಾಯೊಂದು ಒಳಗೇ ಲೊಟಕ್ಕೆಂದಿತು. ಅವನು ರೆಕಾರ್ಡು ನಿಲ್ಲಿಸಲಿಲ್ಲ.

“ಇನ್ನು ಮುಂದೆ ಬಾಣದ ಗುರುತು ಇರುವುದಿಲ್ಲ. ಎಲೆಗಳನ್ನು ಯಾರೂ ಜೋಡಿಸಿಟ್ಟಿಲ್ಲ. ಅಜ್ಜ ನಿಮಗಾಗಿ ಸೋಲುವುದಿಲ್ಲ. ಈ ಆಟ ನೀವು ಸೋಲಬಹುದು.” ‘ಸೋಲಬಹುದು’ ಎನ್ನುವಾಗ ದನಿ ನಡುವೆ ಮುರಿಯಿತು. ಅವಳು ಅದನ್ನು ಹಾಗೆಯೇ ಬಿಟ್ಟು ಮುಂದಕ್ಕೆ ಹೋದಳು. “ಸೋತರೆ ಆಟ ಮುಗಿಯಲಿಲ್ಲ.”

ಆರನೆಯ ಸಾಲಿನಲ್ಲಿ ಅವನು ‘ಹೆದರಬೇಡಿ’ ಎಂದು ಬರೆದಿದ್ದ. ಬಸ್ಸಿನಲ್ಲಿ ಕೇಳಿದ್ದ ಅದೇ ಮಾತು. ವರ್ಷಿಣಿ ಕಾಗದವನ್ನು ಮಡಚಿ ಕೆಳಗಿಟ್ಟಳು.

“ಹೆದರಿಕೆ ಆಗುತ್ತದೆ,” ಎಂದಳು ಮೈಕಿಗೆ. “ಆದರೂ ಎಲೆ ಹಾಕಿ.”

ಭುವನ್ ನಿಲ್ಲಿಸುವ ಗುಂಡಿ ಒತ್ತುವುದನ್ನೇ ಮರೆತು ಕೂತಿದ್ದ. ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಲೇ ಇತ್ತು.

“ಕಾಫಿ ಆರೋಯ್ತು! ಏನ್ರವ್ವ, ಬತ್ತೀರೋ ಇಲ್ವೋ?” ಶಾಂತಕುಮಾರಿ ಅಂಗಳದಿಂದ ಕೂಗಿದರು.

ಅವಳ ಪರವಾಗಿ ಉತ್ತರಿಸಲು ಭುವನ್ ಬಾಯಿ ತೆರೆದ. ವರ್ಷಿಣಿ ಕೈಯೆತ್ತಿ ಅವನನ್ನು ತಡೆದಳು. ಹಾಗೆ ಎತ್ತಿದ ಕೈಯನ್ನು ಅವನ ಮುಂಗೈ ಮೇಲೆ ಇಳಿಸಿದಳು. ಎದೆ ತುಂಬ ಉಸಿರೆಳೆದುಕೊಂಡು, ಐದು ತಿಂಗಳಲ್ಲಿ ಮೊದಲ ಸಲ, ತನ್ನ ಒರಟು ದನಿಯನ್ನು ಇದ್ದಷ್ಟೂ ಎತ್ತರಿಸಿದಳು.

“ಬಂದೆ ಅತ್ತೆ!”

ಅಂಗಳದಲ್ಲಿ ಕಾಯಿ ಅಲ್ಲಾಡಿಸುವ ಸದ್ದು ನಿಂತಿತು.