ಎಂಟರ್ ಒತ್ತದ ಹೆಸರು

"ಮೌನಿ ಅಂದ್ರೆ ಯಾರು?"

ಅವಳ ಎದೆ ಧಸಕ್ಕೆಂದಿತು!

ಕೇಳಿದವನು ಬೇರಾರೂ ಅಲ್ಲ... ಸಾಕ್ಷಾತ್ ಮೌನಿಯೇ! ಆ ಪ್ರಕಾಶನದ ಕಚೇರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು. ಕರಡು ತಿದ್ದುವ ಅವಳು ಮನಸ್ಸಿನಲ್ಲೇ ಅವನಿಗಿಟ್ಟ ಹೆಸರು ಅದು. ಪಾಪ, ಅವನಿಗದು ಗೊತ್ತಿಲ್ಲ.

"ನಿ... ನಿಮಗೆ ಹೇಗೆ ಗೊತ್ತು?"

"ನಿಮ್ಮ ಬ್ರೌಸರ್ ಕೇಳ್ತಿದೆ. ಅಡ್ರೆಸ್ ಬಾರ್‌ನಲ್ಲಿ ಏನಾದ್ರೂ ಬರೆದ್ರೆ ಸಾಕು, ಅದು ಯಾವುದೋ ಕಂಪ್ಯೂಟರ್ ಹೆಸರಿರಬಹುದು ಅಂತ ನಮ್ಮ ಸರ್ವರ್‌ನ ವಿಚಾರಿಸುತ್ತೆ. ಎಂಟರ್ ಒತ್ತದೆ ಅಳಿಸಿದ್ರೂ! ಆ ಹೆಸರಿನದ್ದು ನಮ್ಮಲ್ಲಿ ಯಾವುದೂ ಇಲ್ಲ. ವೈರಸ್ಸೇನೋ ಅಂತ ಬಂದೆ."

ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಮೆಲ್ಲನೆ ಹರಡುವ ಹೊತ್ತು, ಆ ಮಂಪರಿನಲ್ಲಿ ಅವಳ ಬೆರಳುಗಳು ತಾವಾಗಿಯೇ ಆ ಹೆಸರು ಬರೆಯುತ್ತಿದ್ದವು. ಕ್ಷಣಕಾಲ ಕಣ್ತುಂಬ ನೋಡಿ ಅಳಿಸುತ್ತಿದ್ದಳು. ಅಷ್ಟೂ ಹೊರಗೆ ಸೋರುತ್ತಿತ್ತೇ?

ನಾಚಿಕೆ ಕೋಪವಾಗಿ ಉಕ್ಕಿತು.

"ಅಳಿಸಿದ್ದನ್ನೂ ಓದ್ತೀರಾ? ಯಾರಾದ್ರೂ ಆಗಿರ್ಲಿ, ನಿಮಗ್ಯಾಕೆ!"

ಅವನ ಮುಖ ಬಾಡಿತು.

"ತಪ್ಪಾಯ್ತು. ಅವರು ಯಾರೋ... ಅದೃಷ್ಟವಂತರು."

ಸೋರಿಕೆ ನಿಲ್ಲುವಂತೆ ಬ್ರೌಸರಿನ ಸೆಟ್ಟಿಂಗ್ ಬದಲಿಸಿ, ಅವನು ತಲೆತಗ್ಗಿಸಿ ಹೊರಟುಹೋದ. ಆಮೇಲೆ ಅತ್ತ ಸುಳಿಯಲೇ ಇಲ್ಲ.

ಅವಳಿಗೋ ಕೆಲಸದಲ್ಲಿ ಮನಸ್ಸೇ ನಿಲ್ಲದು. 'ಹೊಳೆ' ಇರಬೇಕಾದಲ್ಲಿ 'ಹೊಲೆ' ಎಂದಿದ್ದರೂ ಹಾಗೇ ಬಿಟ್ಟು ಬೈಸಿಕೊಂಡಳು.

ಒಂದು ದಿನ ಪಕ್ಕದ ಮೇಜಿನ ಅಕ್ಕ ಪಿಸುಗುಟ್ಟಿದಳು. "ಕೇಳಿದ್ಯೇನೇ? ನೆಟ್‌ವರ್ಕ್ ಹುಡುಗ ಬೇರೆ ಶಾಖೆಗೆ ಹೋಗ್ತಿದಾನಂತೆ. ತಾನೇ ಕೇಳ್ಕೊಂಡಿದ್ದಂತೆ, ಇವತ್ತೇ ಕೊನೆ!"

'ಅಯ್ಯೋ... ನನ್ನ ಬಾಯಿಗಿಷ್ಟು ಮಣ್ಣು ಹಾಕ!'

ಎದ್ದವಳೇ ಸರ್ವರ್ ಕೋಣೆಗೆ ಓಡಿದಳು. ಒಳಗೆ ತಣ್ಣನೆಯ ಮಬ್ಬು, ಮಿಣುಕುವ ಹಸಿರು ದೀಪಗಳು... ಕನಸಿನೊಳಗೆ ಕಾಲಿಟ್ಟಂತಾಯಿತು. ಅವನು ಕೇಬಲ್ ಸುತ್ತಿಡುತ್ತಿದ್ದ.

"ಹೋಗ್ತಿದೀರಂತೆ?"

"ಹೂಂ."

"ಯಾಕೆ?"

ಅವನು ಇನ್ನೊಂದು ಕೇಬಲ್ ಎತ್ತಿಕೊಂಡು ಸುತ್ತತೊಡಗಿದ.

"ನೋಡಿ, ಬಾಯೇ ಬಿಡಲ್ಲ! ಅದಕ್ಕೇ ನಿಮಗೆ ಮೌನಿ ಅಂತ ಹೆಸರಿಟ್ಟಿದ್ದು!"

ಕೇಬಲ್ ಅವನ ಕೈಯಿಂದ ಜಾರಿ ಬಿತ್ತು.

"ನಾ... ನಾನಾ?"

"ಮತ್ತಿನ್ಯಾರು?" ಅವಳ ಕಣ್ಣು ತುಂಬಿ ಬಂತು.

"ಇಷ್ಟು ದಿನ ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟು ಸತ್ತೆನಲ್ಲ..." ಅವನು ಪೆದ್ದುಪೆದ್ದಾಗಿ ನಕ್ಕ. "ಅವನ ಹೆಸರು ನೆನಸ್ಕೊಂಡು ಇಲ್ಲಿರೋಕೆ ಆಗ್ಲಿಲ್ಲ."

"ಈಗ?"

"ಎಲ್ಲೂ ಹೋಗಲ್ಲ ಕಣೇ."

ಅವಳು ಬೆಚ್ಚಿ ತಲೆಯೆತ್ತಿದಳು. "ಏನಂದ್ರಿ?"

"ಕ್ಷಮಿಸಿ, ಬಾಯಿ ತಪ್ಪಿ..."

"ಉಹೂಂ." ಅವಳು ಅವನ ತೋಳಿಗೆ ಹಣೆ ಆನಿಸಿದಳು. "ಇನ್ನೊಂದ್ಸಲ ಹಾಗೇ ಅನ್ನಿ."